ಕೆಂಪು ತ್ರಿಕೋನದ ವ್ಯಾನಿನಲ್ಲಿ ಕಾಪುವಿಗೆ

ನಮ್ಮ ತಾಯಿ, ಮಾಂಯ್, ಇಗರ್ಜಿಯಿಂದ ಹಿಂದೆ ಬರುವುದರೊಳಗೆ ಮೈದಾ ಅಂಟು ಕುದಿಯಬೇಕು ಎಂದು ಅಣ್ಣ ಅವಸರ ಮಾಡಿದ. ನಾನು ಒಲೆಯ ಮುಂದೆ ಕುಳಿತು ಗಂಟಾಗದಂತೆ ತಿರುವುತ್ತಿದ್ದೆ. ಅಡುಗೆಮನೆಯ ಬಾಗಿಲಿನಿಂದ ಅಂಗಳದಲ್ಲಿ ನಿಂತ ವ್ಯಾನು ಕಾಣುತ್ತಿತ್ತು. ಅದರ ಬದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಕೆಂಪು ತ್ರಿಕೋನ, ಪಕ್ಕದಲ್ಲಿ ನಗುವ ನಾಲ್ಕು ಮುಖಗಳು. ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು. ಕೆಳಗೆ ದಪ್ಪ ಅಕ್ಷರದಲ್ಲಿ ‘ಎರಡು ಅಥವಾ ಮೂರು ಮಕ್ಕಳು ಸಾಕು, ಕುಟುಂಬ ಯೋಜನೆ ಅನುಸರಿಸಿ’ ಎಂದಿತ್ತು.

ಪಪ್ಪ ತೀರಿಕೊಂಡ ವರ್ಷ ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಆದರೂ ಅಕ್ಷರ ಕಂಡಲ್ಲಿಗೆ ಕಣ್ಣು ತಾನಾಗಿ ಹೋಗುತ್ತದೆ. ಆ ಸಾಲನ್ನು ಓದಿದ ಕೂಡಲೇ ಯಾರೋ ನನ್ನನ್ನು ನೋಡಿಬಿಟ್ಟರು ಎಂಬಂತೆ ಮುಖ ತಿರುಗಿಸಿದೆ. ಮದುವೆಯಾಗದ ಹುಡುಗಿಯ ಮನೆಯಂಗಳದಲ್ಲಿ ನಿಲ್ಲುವಂಥ ಗಾಡಿಯಲ್ಲ ಅದು. ನಮ್ಮಂಥ ಕ್ರಿಸ್ತುವರ ಅಂಗಳದಲ್ಲಂತೂ ಅಲ್ಲವೇ ಅಲ್ಲ.

“ಇದನ್ನು ಯಾಕೆ ಇಲ್ಲಿಗೆ ತಂದೆ ಅಣ್ಣಾ?” ಎಂದು ಕೇಳಿದೆ.

“ಇಂಜಿನ್ ರೀಬೋರ್ ಆಗಿದೆ ಮಾರಾಯ್ತಿ. ಹೊಸ ಪಿಸ್ಟನ್ ಹಾಕಿದ ಮೇಲೆ ನಿಧಾನಕ್ಕೆ ದೂರ ಓಡಿಸಿ ತರಬೇಕು, ಇಲ್ಲದಿದ್ದರೆ ಹಿಡ್ಕೊಳ್ತದೆ. ಎಲ್ಲಿಗಾದರೂ ಹೋಗಿ ಬಾ ಅಂತ ಧಣಿಗಳೇ ಹೇಳಿದ್ದಾರೆ. ಖಾಲಿ ಗಾಡಿ ಓಡಿಸುವುದು ಯಾಕೆ? ಜೋನ್‌ಗೆ ಸಮುದ್ರ ತೋರಿಸುವ.”

ಅಣ್ಣ ಮೌರಿಸ್ ಕಾರ್ಕಳ ಪೇಟೆಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಗ್ಯಾರೇಜಿನ ಧಣಿ ಉಮಾನಾಥರು ಅವನ ಕೈಯಲ್ಲಿ ಯಾವ ಗಾಡಿಯನ್ನಾದರೂ ನಂಬಿ ಕೊಡುತ್ತಾರೆ. ಅವನು ಕಳೆದ ವರ್ಷದ ಇಗರ್ಜಿ ಕ್ಯಾಲೆಂಡರಿನಿಂದ ಪವಿತ್ರ ಕುಟುಂಬದ ದೊಡ್ಡ ಪಟವನ್ನು ಬಿಡಿಸಿಟ್ಟಿದ್ದ. ಸಂತ ಜೋಸೆಫರು, ಮರಿಯಮ್ಮ, ನಡುವೆ ಬಾಲ ಯೇಸು. ಅದು ತ್ರಿಕೋನದ ಮೇಲೆಯೂ ನಾಲ್ಕು ಮುಖಗಳ ಮೇಲೆಯೂ ಸರಿಯಾಗಿ ಕುಳಿತುಕೊಂಡಿತು. ಅಕ್ಷರಗಳ ಮೇಲೆ ತಿಂಗಳುಗಳ ಹಾಳೆಗಳನ್ನು ಮಗುಚಿ ಅಂಟಿಸಿದೆವು. ಇನ್ನೊಂದು ಬದಿಗೆ ಹಳೆಯ ಹೊದಿಕೆ ಕಟ್ಟಿ, ಹಿಂದಿನ ಬಾಗಿಲಿಗೆ ಅಣ್ಣ ತೋಟದ ಕೆಂಪು ಕೆಸರು ಬಳಿದ. ಮಾಂಯ್‌ಗೆ ಓದು ಬರಹ ಬಾರದು. ಆದರೆ ತ್ರಿಕೋನ ಏನೆಂದು ಆ ವರ್ಷ ಯಾರಿಗೆ ತಾನೇ ಗೊತ್ತಿರಲಿಲ್ಲ? ಬಸ್ ನಿಲ್ದಾಣದ ಗೋಡೆಯಲ್ಲಿ ಅದನ್ನು ಕಂಡಾಗಲೆಲ್ಲ ಮಾಂಯ್ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದಳು.

ಇಗರ್ಜಿಯಿಂದ ಬಂದವಳು ಪಟವನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು. “ಎಂತ ವ್ಯಾನು ಇದು?”

“ಆಸ್ಪತ್ರೆಯದ್ದು,” ಎಂದ ಅಣ್ಣ. ಅದು ಸುಳ್ಳೇನೂ ಅಲ್ಲ.

ಬಾಗಿಲು ತೆರೆದರೆ ಒಳಗೆ ರೆಕ್ಸಿನ್ ಹೊದಿಸಿದ ಉದ್ದ ಮಂಚ, ಬೀಗ ಹಾಕಿದ ಕಪಾಟು, ಕೈತೊಳೆಯುವ ತಗಡಿನ ಬೋಗುಣಿ, ಸೂಜಿ ಕುದಿಸುವ ಸೀಮೆಎಣ್ಣೆ ಸ್ಟವ್, ಕಿಟಕಿಗೆ ಹಸಿರು ಪರದೆ. ಮಾಂಯ್ ಮಂಚದ ಮೇಲೆ ಕುಳಿತು ಒಮ್ಮೆ ಕುಪ್ಪಳಿಸಿ ನೋಡಿದಳು. “ಇದು ಮನೆಯೇ ಅಲ್ವಾ! ಕಾಫಿಪುಡಿ ಹಾಕಿಕೋ ಒಲಿಂಡಾ. ಅಲ್ಲಿಯೇ ಕಾಫಿ ಮಾಡುವ.”

ನಾನು ಕಾಫಿಪುಡಿ, ಬೆಲ್ಲ, ಸಾನ್ನಾ, ಕೋಳಿಸಾರು ಎಲ್ಲವನ್ನೂ ಬುಟ್ಟಿಗೆ ತುಂಬಿದೆ. ವೊನ್ನಿ ಬಿಳಿಯ ವಾಯ್ಲ್ ಸೀರೆ ಉಟ್ಟು, ಮಗಳು ಜೋನ್‌ಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ವೊನ್ನಿ ಎನ್ನುತ್ತೇವೆ. ಹೆಸರು ಗ್ಲ್ಯಾಡಿಸ್. ಜೋನ್‌ಗೆ ಆಗ ನಾಲ್ಕು ತುಂಬಿರಲಿಲ್ಲ. ಅವಳ ನಂತರ ವೊನ್ನಿಗೆ ಎರಡು ಹೆರಿಗೆಯಾದವು, ಎರಡೂ ಉಳಿಯಲಿಲ್ಲ. ಕೊನೆಯ ಸಲ ಮಣಿಪಾಲದ ಆಸ್ಪತ್ರೆಯಿಂದ ಅವಳೇ ಹಿಂದೆ ಬರುತ್ತಾಳೋ ಇಲ್ಲವೋ ಎಂದಾಗಿತ್ತು. ಇನ್ನೊಂದಾದರೆ ನೀನು ಉಳಿಯುವುದಿಲ್ಲ, ಗಂಡನನ್ನು ಕರೆದುಕೊಂಡು ಬಾ, ಇಬ್ಬರ ಹತ್ತಿರವೂ ಮಾತನಾಡಬೇಕು ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರು. ವೊನ್ನಿ ಇದನ್ನು ಅಣ್ಣನಿಗೆ ಹೇಳಿದಳು. ಅಣ್ಣ ‘ಹೋಗುವ’ ಎಂದ. ಹೋಗಲಿಲ್ಲ. ಹೆಂಗಸರ ಡಾಕ್ಟರ ಮುಂದೆ ಕುಳಿತು ಅಂಥ ಮಾತು ಕೇಳಲು ಅವನಿಗೆ ನಾಚಿಕೆ. ಮಾಂಯ್‌ಗಂತೂ ವಿಷಯವೇ ಗೊತ್ತಿರಲಿಲ್ಲ. ಡಾಕ್ಟರು ಒಂದು ವರ್ಷ ವಿಶ್ರಾಂತಿ ಹೇಳಿದ್ದಾರೆ ಎಂದಷ್ಟೇ ಅಣ್ಣ ಅವಳಿಗೆ ಹೇಳಿದ್ದ. ಹಾಗಾಗಿ ವೊನ್ನಿ ಮಗುವಿನ ಜೊತೆ ನನ್ನ ಕೋಣೆಯಲ್ಲಿ ಮಲಗುತ್ತಿದ್ದಳು. ಆ ವರ್ಷ ಮುಗಿಯುತ್ತಾ ಬಂದಿತ್ತು. ಹಿಂದಿನ ವಾರವೇ ಮಾಂಯ್ ಊಟಕ್ಕೆ ಬಡಿಸುತ್ತಾ ಎಲ್ಲರಿಗೂ ಕೇಳುವಂತೆ, “ಈಸ್ಟರ್ ಆದ ಮೇಲೆ ಜೋನ್ ಒಲಿಂಡಾಳ ಹತ್ತಿರ ಮಲಗಲಿ. ಗ್ಲ್ಯಾಡಿಸ್ ತನ್ನ ಕೋಣೆಗೆ ಹೋಗಲಿ. ಮನೆಗೆ ಒಂದು ಗಂಡುಮಗು ಬೇಡವಾ?” ಎಂದಿದ್ದಳು. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ವೊನ್ನಿ ಎದ್ದು ನೀರು ತರಲು ಹೋದಳು. ನಾನು ಅಲ್ಲಿಯೇ ಕುಳಿತಿದ್ದೆ, ಕಿವಿ ಬಿಸಿಯಾಗಿ.

ಹೀಗೆ ನಾವು ಐದು ಮಂದಿ ಹೊರಟೆವು.

ವ್ಯಾನು ಎತ್ತಿನಗಾಡಿಗಿಂತ ಸ್ವಲ್ಪ ಬೇಗ ಹೋಗುತ್ತಿತ್ತು. ನಿಟ್ಟೆ ದಾಟುವಾಗ ಒಬ್ಬ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ.

“ಸ್ವಲ್ಪ ಬೇಗ ಬಿಡು ಮಾರಾಯ, ಅವನ ಎದುರು ಮರ್ಯಾದೆ ಹೋಯ್ತು,” ಎಂದಳು ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ ಮಾಂಯ್.

“ಆಗುವುದಿಲ್ಲ ಮಾಂಯ್. ಹೊಸ ಪಿಸ್ಟನ್. ಈಗ ಜೋರು ಮಾಡಿದರೆ ಆಯುಷ್ಯವೇ ಮುಗೀತದೆ. ಮೊದಲು ತುಂಬಾ ಜಾಗ್ರತೆಯಾಗಿ ನೋಡ್ಕೊಳ್ಳಬೇಕು.”

ಮುಂದಿನ ಸೀಟಿನಲ್ಲಿ ಜೋನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ವೊನ್ನಿ ಹೊರಗೆ ನೋಡುತ್ತಲೇ ಹೇಳಿದಳು. “ಇಂಜಿನಿಗೆ ಹೇಳಿದ ಪಥ್ಯ ಒಂದನ್ನೂ ನೀವು ತಪ್ಪಿಸುವುದಿಲ್ಲ.”

ಅಣ್ಣ ಗೇರ್ ಬದಲಿಸಿದ. ಅಲ್ಲಿ ಬದಲಿಸುವ ಅಗತ್ಯವೇನೂ ಇರಲಿಲ್ಲ.

ಬೆಳ್ಮಣ್ಣಿನಲ್ಲಿ ಹೊದಿಕೆಯ ಒಂದು ಹಗ್ಗ ಬಿಚ್ಚಿಕೊಂಡು ಬಟ್ಟೆ ಪಟಪಟ ಹೊಡೆಯತೊಡಗಿತು. ಶಾಲೆಯ ಹುಡುಗರು ಕೂಗುತ್ತಾ ಹಿಂದೆ ಓಡಿಬಂದರು. ಅವರು ಏನೆಂದು ಕೂಗುತ್ತಿದ್ದಾರೆಂದು ನನಗೆ ಚೆನ್ನಾಗಿ ಕೇಳಿಸಿತು. ನಾನು ಪರದೆ ಎಳೆದುಕೊಂಡೆ. ನಂದಿಕೂರಿನ ಹತ್ತಿರ ಮರದ ಕೆಳಗೆ ಬೀಡಿ ಸೇದುತ್ತಾ ಕುಳಿತಿದ್ದವನೊಬ್ಬ ವ್ಯಾನನ್ನು ಕಂಡದ್ದೇ ಮುಂಡು ಎತ್ತಿ ಕಟ್ಟಿ, ಗದ್ದೆಯ ಬದುವಿನಲ್ಲಿ ಬಿದ್ದು ಎದ್ದು ಓಡಿದ.

“ಅವನಿಗೆ ಎಂತ ಆಯ್ತು?” ಮಾಂಯ್ ಕೇಳಿದಳು.

“ಹೊಟ್ಟೆ ಕೆಟ್ಟಿರಬೇಕು,” ಎಂದ ಅಣ್ಣ.

ವೊನ್ನಿಯ ಭುಜ ಅಲುಗಿತು. ನಗುತ್ತಿದ್ದಳೋ ಏನೋ, ಹಿಂದಿನಿಂದ ನನಗೆ ತಿಳಿಯಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಪಡುಬಿದ್ರಿಯ ಪೇಟೆಯಲ್ಲಿ ನಮ್ಮ ಊರಿನವರು ಯಾರಾದರೂ ಕಂಡರೆ ಎಂದು ತಲೆ ತಗ್ಗಿಸಿ ಕುಳಿತವಳು ಕಾಪು ಬರುವವರೆಗೂ ಎತ್ತಲಿಲ್ಲ.

ಕಾಪುವಿನಲ್ಲಿ ದೀಪಸ್ತಂಭಕ್ಕೆ ಸ್ವಲ್ಪ ಈಚೆ, ಮೀನು ಒಣಗಿಸುವ ಜಾಗದ ಬದಿಯ ತೆಂಗಿನಮರಗಳ ಅಡಿಯಲ್ಲಿ ಅಣ್ಣ ವ್ಯಾನು ನಿಲ್ಲಿಸಿದ. ಹೊದಿಕೆಯ ಬದಿಯನ್ನು ಪೊದೆಗೆ ತಾಗಿಸಿ, ಪಟದ ಬದಿಯನ್ನು ಹೊರಗೆ ಮಾಡಿದ. ಕೂಡಲೇ ಬೋನೆಟ್ ಎತ್ತಿ ಇಂಜಿನಿಗೆ ಕಿವಿಗೊಟ್ಟ.

ಜೋನ್ ನೀರಿನ ಅಂಚಿನವರೆಗೆ ಓಡಿಹೋಗಿ ಗಕ್ಕನೆ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು. “ಮಮ್ಮಿ, ಇದನ್ನು ಯಾರು ಅಲ್ಲಾಡಿಸ್ತಾ ಇದ್ದಾರೆ?”

“ಯಾರೂ ಇಲ್ಲ. ಅದೇ ಅಲ್ಲಾಡ್ತದೆ.”

“ಸುಮ್ಮನೆ ಇರಲಿಕ್ಕೆ ಹೇಳು.”

ವೊನ್ನಿ ನಕ್ಕಳು. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಮಗುವಿನ ಜೊತೆ ನೀರಿಗೆ ಇಳಿದಳು. ಅಲೆ ಬಂದಾಗ ಇಬ್ಬರೂ ಕಿರುಚುತ್ತಾ ಹಿಂದೆ ಓಡುತ್ತಿದ್ದರು. ಅವಳು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಹೆರಿಗೆಯ ನಂತರ ಅವಳು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದುದೇ ನನ್ನ ಕಣ್ಣಿನಲ್ಲಿತ್ತು. ಜೋನ್ ಕಾಫಿಯ ಪಾತ್ರೆಯಲ್ಲಿ ಸಮುದ್ರವನ್ನು ಮನೆಗೆ ತೆಗೆದುಕೊಂಡು ಹೋಗಬೇಕೆಂದು ಹಟ ಮಾಡಿದಳು. ಮಾಂಯ್ ಪಾತ್ರೆ ಕೊಡಲಿಲ್ಲ. ವ್ಯಾನಿನ ಸ್ಟವ್ ಹೊತ್ತಿಸಿ, ಕಾಫಿಗೆ ಇಟ್ಟು, ಬಾಗಿಲನ್ನು ಅಗಲ ತೆರೆದು, ಮಂಚದ ಮೇಲೆ ಒರಗಿ ತೇರ್ಸ್ ಜಪ ಶುರುಮಾಡಿದಳು. ಕೈಯಲ್ಲಿ ಜಪಮಾಲೆ, ಮುಖಕ್ಕೆ ಗಾಳಿ. ಅಷ್ಟು ಸುಖವಾಗಿ ಅವಳು ಕುಳಿತದ್ದನ್ನೂ ನಾನು ಅಪರೂಪಕ್ಕೇ ನೋಡಿದ್ದು. ಸ್ವಲ್ಪ ಹೊತ್ತು ನಾನು ಕೂಡ ಆ ಗಾಡಿ ಯಾವುದೆಂಬುದನ್ನು ಮರೆತೆ.

ಆಮೇಲೆ ಹೆಂಗಸರು ಬಂದರು.

ಮೊದಲು ಬಂದವಳು ಬಂಗುಡೆ ಮೀನಿನ ಬುಟ್ಟಿ ಹೊತ್ತ ಗಟ್ಟಿ ಮೈಯ ಹೆಂಗಸು. ಉಳಿದವರು ಅವಳನ್ನು ಚಂಪಾ ಎಂದು ಕರೆಯುತ್ತಿದ್ದರು. ಅವಳ ಹಿಂದೆ ಮೀನು ಒಣಗಿಸುತ್ತಿದ್ದವರು ಕೈ ಒರೆಸಿಕೊಳ್ಳುತ್ತಾ ಒಬ್ಬೊಬ್ಬರೇ ಬಂದು ವ್ಯಾನಿನ ಬಾಗಿಲ ಮುಂದೆ ಮರಳಿನಲ್ಲಿ ಸಾಲಾಗಿ ಕುಳಿತರು. ಎಲ್ಲರೂ ತುಳುವಿನಲ್ಲಿ ಮಾತನಾಡುತ್ತಿದ್ದರು.

“ಮೊನ್ನೆಯೇ ಬರ್ತೇವೆ ಅಂದಿದ್ರಲ್ಲ, ಬರ್ಲೇ ಇಲ್ಲ?” ಎಂದು ಚಂಪಾ ಬುಟ್ಟಿ ಇಳಿಸಿದಳು. “ಕಾದು ಕಾದು ನಮ್ಮ ಅರ್ಧ ದಿನದ ಕೆಲಸ ಹೋಯ್ತು ಗೊತ್ತುಂಟಾ?”

ಆಗ ನನಗೆ ಹೊಳೆಯಿತು. ಮೊನ್ನೆ ಈ ವ್ಯಾನು ಬರಬೇಕಾಗಿದ್ದ ಊರು ಇದೇ. ಬಾರದೆ ಇದ್ದದ್ದು ಅಣ್ಣನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಕೊಂಡು ಮಲಗಿದ್ದರಿಂದ. ಅಣ್ಣನಿಗೂ ಕೇಳಿಸಿರಬೇಕು. ಬೋನೆಟ್ಟಿನ ಅಡಿಯಲ್ಲಿ ಅವನ ತಲೆ ಇನ್ನಷ್ಟು ಒಳಗೆ ಹೋಯಿತು.

ಆಸ್ಪತ್ರೆಯ ಗಾಡಿಗಾಗಿ ಇವರು ಕಾದಿದ್ದಾರೆಂದು ಮಾಂಯ್ ತಿಳಿದಳು. ಜಪ ನಿಲ್ಲಿಸಿ, “ಗಾಡಿ ಹಾಳಾಗಿತ್ತು. ನನ್ನ ಮಗನೇ ಸರಿ ಮಾಡಿದ್ದು,” ಎಂದಳು.

“ಪೊರ್ಬುಗಳು ನಿಮ್ಮ ಮಗನಾ?” ನಮ್ಮ ಗಂಡಸರನ್ನು ತುಳುವಿನವರು ಹಾಗೆ ಕರೆಯುತ್ತಾರೆ. ಚಂಪಾ ಪಟದ ಹತ್ತಿರ ಹೋಗಿ ಕತ್ತು ಓರೆಮಾಡಿದಳು. “ಬಾಯಮ್ಮ, ಇದು ಹೊಸ ಪಟವಾ?”

“ಹೌದು. ಇವತ್ತು ಬೆಳಗ್ಗೆ ಅಂಟಿಸಿದ್ದು.”

“ಇವರು ಗಂಡ ಹೆಂಡತಿಯಾ?”

“ಹೌದು, ಹೌದು.”

“ಮಗು ಒಂದೇಯಾ?”

“ಒಂದೇ,” ಎಂದಳು ಮಾಂಯ್ ಭಕ್ತಿಯಿಂದ. “ಆ ಒಂದೇ ಸಾಕಾಯ್ತು ಇಡೀ ಲೋಕಕ್ಕೆ.”

ಚಂಪಾ ಸಾಲಿನ ಕಡೆಗೆ ತಿರುಗಿದಳು. “ಕೇಳಿದಿರಾ? ಮೊದಲು ಎರಡೋ ಮೂರೋ ಅಂತ ಇತ್ತು. ಈಗ ಒಂದಕ್ಕೆ ಇಳಿಸಿದ್ದಾರೆ!”

“ಮುಂದಿನ ವರ್ಷ ಬರುವಾಗ ಮದುವೆಯೇ ಬೇಡ ಅಂತಾರೆ,” ಎಂದಳು ಸಾಲಿನ ಕೊನೆಯಲ್ಲಿ ಕುಳಿತ ಒಬ್ಬ ಮುದುಕಿ. ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು.

ಮಾಂಯ್‌ಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದಳು. ನಾನು ಕಾಫಿ ಉಕ್ಕುತ್ತಿದೆ ಎಂದು ಸ್ಟವ್ ಕಡೆ ಬಾಗಿದೆ. ಅಷ್ಟರಲ್ಲಿ ಜೋನ್ ಒದ್ದೆ ಮೈಯಲ್ಲಿ ಓಡಿಬಂದಳು, ಹಿಂದೆಯೇ ವೊನ್ನಿ. ಪಟದ ಒಂದು ಮೂಲೆ ಸಮುದ್ರದ ಗಾಳಿಗೆ ಎದ್ದು ಅಲುಗುತ್ತಿತ್ತು. ಜೋನ್ ಅದನ್ನು ಎರಡು ಕೈಯಲ್ಲೂ ಹಿಡಿದು ಎಳೆದಳು. ಬೆಳಗ್ಗಿನ ಅಂಟು ಇನ್ನೂ ಹಸಿಯಾಗಿತ್ತು. ಪಟ ತಿಂಗಳುಗಳ ಹಾಳೆಯನ್ನೂ ಎಳೆದುಕೊಂಡು ಇಡಿಯಾಗಿ ಕೆಳಗೆ ಬಂತು.

ಮಾಂಯ್ ಮಂಚದಿಂದ ಇಳಿದು ಮರಳಿಗೆ ಬಂದಳು. ತ್ರಿಕೋನವನ್ನು ನೋಡಿದಳು. ನಗುವ ನಾಲ್ಕು ಮುಖಗಳನ್ನು ನೋಡಿದಳು. ಸೆರಗು ಎತ್ತಲಿಲ್ಲ.

“ಒಲಿಂಡಾ, ಓದು.”

ನಾನು ಸ್ಟವ್ ಆರಿಸಲು ತಿರುಗಿದೆ.

“ಓದು ಅಂದೆ ಅಲ್ವಾ? ಎಂಟು ಕ್ಲಾಸು ಕಲಿಸಿದ್ದು ಎಂತಕ್ಕೆ?”

ಶಾಲೆಯಲ್ಲಿ ಎದ್ದುನಿಂತು ಓದಲು ಹೇಳಿದರೆ ನನ್ನ ಸ್ವರ ಹೊರಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನು ಯಾರೂ ಗಟ್ಟಿಯಾಗಿ ಓದು ಎಂದು ಕೇಳಿದ್ದೇ ಇಲ್ಲ. ಈಗ ಮಾಂಯ್ ಕೇಳಿದಳು, ಅಷ್ಟು ಜನ ಹೆಂಗಸರ ಮುಂದೆ, ಅಣ್ಣನಿಗೆ ಕೇಳಿಸುವಷ್ಟು ಹತ್ತಿರದಲ್ಲಿ. ಎರಡು ಅಥವಾ ಮೂರು ಮಕ್ಕಳು ಸಾಕು ಎಂದು ಓದಿದೆ. ಕುಟುಂಬ ಎಂಬಲ್ಲಿ ತಡವರಿಸಿದೆ. ಹೇಗೋ ಮುಗಿಸಿದೆ. ಪ್ರತಿಯೊಂದು ಅಕ್ಷರವೂ ನನ್ನದೇ ವಿಷಯ ಎಂಬಂತೆ ಇತ್ತು.

“ಇದರ ಮಂಚದಲ್ಲಿ ಮಲಗಿ ನಾನು ಜಪ ಮಾಡಿದ್ದಾ?” ಎಂದಳು ಮಾಂಯ್. ಅವಳ ಮುಖ ಬೂದಿಯಾಗಿತ್ತು. ಪಟವನ್ನು ಜೋನ್‌ಳ ಕೈಯಿಂದ ತೆಗೆದುಕೊಂಡು, ಮರಳು ಕೊಡವಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮೌರಿಸ್! ಮೋರೆ ತೋರಿಸು ಮಾರಾಯ. ಇಂಜಿನಿನಲ್ಲಿ ಎಷ್ಟು ಹೊತ್ತು ಅಡಗಿ ಕೂತ್ಕೊಳ್ತೀ?”

ಅಣ್ಣ ಹೊರಗೆ ಬರಲಿಲ್ಲ. ಸ್ಪ್ಯಾನರ್ ಕೈಜಾರಿ ಎಲ್ಲೋ ಟಣ್ ಎಂದು ಬಿದ್ದ ಶಬ್ದ ಮಾತ್ರ ಕೇಳಿಸಿತು. ಮಾಂಯ್ ದೂರ ಹೋಗಿ, ವ್ಯಾನಿಗೆ ಬೆನ್ನು ಹಾಕಿ ಮರಳಿನ ಮೇಲೆ ಕುಳಿತಳು. ತೀರ ದೂರವೇನಲ್ಲ, ಮಾತು ಕೇಳುವಷ್ಟು ದೂರ.

ಚಂಪಾಳಿಗೆ ಈ ಜಗಳದಲ್ಲಿ ಆಸಕ್ತಿ ಇರಲಿಲ್ಲ. ಅವಳು ವೊನ್ನಿಯ ಬಿಳಿ ಸೀರೆಯನ್ನು ನೋಡುತ್ತಿದ್ದಳು. “ನೀವು ನರ್ಸಮ್ಮ ಅಲ್ವಾ? ಡಾಕ್ಟರು ಯಾವಾಗ ಬರ್ತಾರೆ? ನಾನು ಆರು ಹೆತ್ತೆ ನರ್ಸಮ್ಮ. ನಾಲ್ಕು ಉಂಟು. ಇನ್ನು ನನ್ನಿಂದ ಆಗುವುದಿಲ್ಲ. ಬುಟ್ಟಿ ಹೊರುವಾಗ ಸೊಂಟ ಬಿದ್ದುಹೋಗ್ತದೆ. ಇದಕ್ಕೆ ನೋವು ಉಂಟಾ? ಮರುದಿನ ಕೆಲಸಕ್ಕೆ ಹೋಗಬಹುದಾ?”

ಹೊರಟುಹೋಗೋಣ ಎಂದು ನಾನು ವೊನ್ನಿಗೆ ಕಣ್ಣಿನಲ್ಲೇ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ಜೋನ್‌ಳ ತಲೆ ಒರೆಸತೊಡಗಿದಳು.

“ನಾನು ನರ್ಸ್ ಅಲ್ಲ,” ಎಂದಳು. “ಇವತ್ತು ಡಾಕ್ಟರು ಇಲ್ಲ. ಗಾಡಿ ಪರೀಕ್ಷೆಗೆ ಬಂದದ್ದು. ನಿಮ್ಮನ್ನು ಸುಮ್ಮನೆ ಕೂರಿಸಿದ ಹಾಗಾಯ್ತು.”

“ಅಯ್ಯೋ! ಮತ್ತೆ ನೀವು ಯಾರು?”

“ನಾನು ನಿಮ್ಮ ಹಾಗೆಯೇ,” ಎಂದಳು ವೊನ್ನಿ. ಮಗುವಿನ ತಲೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಇವಳ ನಂತರ ನನಗೆ ಎರಡು ಹೋದವು. ಇನ್ನೊಂದಾದರೆ ನಾನು ಬದುಕುವುದಿಲ್ಲ ಅಂತ ಮಣಿಪಾಲದ ಡಾಕ್ಟರಮ್ಮ ಹೇಳಿದ್ದಾರೆ. ನನಗೆ ಹೆದರಿಕೆ ಆಗ್ತದೆ.”

ಆ ಮಾತನ್ನು ಅವಳು ನಮ್ಮ ಮನೆಯಲ್ಲಿ ಕತ್ತಲೆಯಲ್ಲಿ, ನನ್ನ ಕಿವಿಯಲ್ಲಿ ಮಾತ್ರ ಹೇಳಿದ್ದಳು. ಈಗ ಬಿಸಿಲಿನಲ್ಲಿ, ಹೆಸರು ತಿಳಿಯದ ಹೆಂಗಸರ ಮುಂದೆ, ಅಕ್ಕಿಯ ಕ್ರಯ ಹೇಳುವಂತೆ ಹೇಳಿದಳು. ಸಾಲಿನ ನಗು ನಿಂತುಹೋಯಿತು. ದೂರದಲ್ಲಿ ಮಾಂಯ್‌ಳ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

“ಮತ್ತೆ ಎಂತ ಮಾಡಿದಿರಿ?” ಚಂಪಾ ಕೇಳಿದಳು.

“ಗಂಡನನ್ನು ಕರ್ಕೊಂಡು ಬಾ ಅಂದಿದ್ದಾರೆ. ಒಬ್ಬಳಿಗೇ ಹೇಳಿ ಪ್ರಯೋಜನ ಇಲ್ಲವಂತೆ.”

“ಹೋಗ್ಲಿಲ್ವಾ?”

“ಇವರಿಗೆ ನಾಚಿಕೆ.”

ಚಂಪಾ ಬೋನೆಟ್ಟಿನ ಕೆಳಗೆ ಕಾಣುತ್ತಿದ್ದ ಅಣ್ಣನ ಕಾಲುಗಳನ್ನು ನೋಡಿದಳು. ನಗಲಿಲ್ಲ. “ನನ್ನವನೂ ಹಾಗೆಯೇ,” ಎಂದಳು. “ದೋಣಿ ಎತ್ತಲಿಕ್ಕೆ ಇಡೀ ಊರಿಗೆ ಅವನೇ ಬೇಕು. ಇವತ್ತು ಈ ವ್ಯಾನು ಕಂಡದ್ದೇ ಬಲೆ ಬಿಟ್ಟು ಮಟ್ಟುವಿನ ಕಡೆ ಓಡಿದ. ಈಗ ಅರ್ಧ ದಾರಿ ಮುಟ್ಟಿರಬೇಕು.” ಆಮೇಲೆ ಸ್ವರ ಎತ್ತಿ, “ಪೊರ್ಬುಗಳೇ, ನೀವು ಓಡ್ಲಿಲ್ಲ ಅಲ್ವಾ, ಅಷ್ಟು ಪುಣ್ಯ!” ಎಂದಳು.

ಅವರು ಎದ್ದು ಮರಳು ಕೊಡವಿಕೊಂಡು ಹೋದರು. ಡಾಕ್ಟರು ಬರುವ ದಿನ ಮೊದಲೇ ಹೇಳಿ ಕಳಿಸಿ ಎಂದು ಮುದುಕಿ ನನಗೆ ಹೇಳಿದಳು. ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ, ನನ್ನಿಂದ ಏನು ಹೇಳಿ ಕಳಿಸಲು ಸಾಧ್ಯವಿತ್ತು?

ಊಟ ಯಾರಿಗೂ ಸೇರಲಿಲ್ಲ. ಜೋನ್ ಮಾತ್ರ ಕೋಳಿಯ ಕಾಲು ಹಿಡಿದುಕೊಂಡು ಸಮುದ್ರಕ್ಕೂ ಕೊಡಬೇಕೆಂದು ಕೇಳುತ್ತಿದ್ದಳು. ಮಾಂಯ್ ಆ ಸ್ಟವ್‌ನಲ್ಲಿ ಕಾಯಿಸಿದ ಕಾಫಿ ಮುಟ್ಟಲಿಲ್ಲ. ಅಣ್ಣ ಬೋನೆಟ್ ಮುಚ್ಚಿ ಬಂದಾಗ ಅವನ ಮುಖದಲ್ಲಿ ಎಣ್ಣೆಯ ಕಲೆಗಳಿದ್ದವು. ಅವನು ವೊನ್ನಿಯ ಕಡೆ ನೋಡಲಿಲ್ಲ, ಮಾಂಯ್‌ಳ ಕಡೆಯೂ ನೋಡಲಿಲ್ಲ. ಹೊದಿಕೆಯನ್ನು ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟ. ಮರೆಮಾಡಲು ಇನ್ನೇನು ಉಳಿದಿತ್ತು?

ಹೊರಡುವಾಗ ಮಾಂಯ್ ಮಂಚದ ಮೇಲೆ ಕುಳಿತುಕೊಳ್ಳದೆ ಕೆಳಗೆ, ವ್ಯಾನಿನ ನೆಲದ ಮೇಲೆಯೇ ಕುಳಿತಳು. ನಾನೂ ಅವಳ ಎದುರು ಕೆಳಗೆ ಕುಳಿತೆ. ಮಂಚ ಖಾಲಿಯಾಗಿಯೇ ಇತ್ತು.

ಹೆದ್ದಾರಿಗೆ ಬಂದಾಗ ಅಣ್ಣ ಗಾಡಿ ನಿಲ್ಲಿಸಿದ. ಬಲಕ್ಕೆ ತಿರುಗಿದರೆ ಬಂದ ದಾರಿ, ಪಡುಬಿದ್ರಿ. ಎಡಕ್ಕೆ ಉಡುಪಿ, ಅದರಾಚೆ ಮಣಿಪಾಲ. ಇಂಜಿನ್ ಗುರುಗುಟ್ಟುತ್ತಿತ್ತು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆದು ನಮ್ಮನ್ನು ದಾಟಿತು. ಕಿಟಕಿಗಳಿಂದ ಮುಖಗಳು ಇಣುಕಿದವು. ಅಣ್ಣನ ಕೈ ಸ್ಟೀರಿಂಗಿನ ಮೇಲೆ ಹಾಗೆಯೇ ಇತ್ತು. ವೊನ್ನಿ ತೊಡೆಯ ಮೇಲೆ ನಿದ್ದೆಹೋಗಿದ್ದ ಜೋನ್‌ಳ ಕಾಲಿನ ಮರಳನ್ನು ಉದುರಿಸುತ್ತಿದ್ದಳು.

“ಇಂಜಿನಿಗೆ ಇನ್ನೂ ಸ್ವಲ್ಪ ಓಟ ಬೇಕು,” ಎಂದು ಅಣ್ಣ ಯಾರಿಗೂ ಅಲ್ಲದಂತೆ ಹೇಳಿ ಎಡಕ್ಕೆ ತಿರುಗಿಸಿದ.

ಉಡುಪಿ ಪೇಟೆಯನ್ನು ದಾಟಿದ್ದು ಹೇಗೆಂದು ಹೇಳಲಾರೆ. ಶನಿವಾರದ ಜನ. ವ್ಯಾನು ನಡೆಯುವವರ ಜೊತೆ ನಡೆಯುತ್ತಿತ್ತು. ಎರಡೂ ಬದಿಯ ತ್ರಿಕೋನಗಳು ಬೋಳಾಗಿ ಎಲ್ಲರಿಗೂ ಕಾಣುತ್ತಿದ್ದವು. ಅಂಗಡಿಯವರು ಎದ್ದುನಿಂತು ನೋಡಿದರು. ಇದರೊಳಗೆ ಹೆಂಗಸರೇ ಇದ್ದಾರಲ್ಲಾ ಎಂದು ಯಾರೋ ಕೂಗಿದರು. ನಾನು ಮೊಣಕಾಲಿನ ನಡುವೆ ಮುಖ ಹುದುಗಿಸಿದೆ.

ಮಾಂಯ್ ನನ್ನ ಮೊಣಕಾಲು ತಟ್ಟಿದಳು.

“ಅವಳು ಹೇಳಿದ್ದು ನಿನಗೆ ಗೊತ್ತಿತ್ತಾ?”

“ಹೌದು.”

“ಮೌರಿಸನಿಗೆ?”

“ಗೊತ್ತಿತ್ತು.”

ವ್ಯಾನು ಒಂದು ಹೊಂಡಕ್ಕೆ ಇಳಿದು ಎದ್ದಿತು. “ನನಗೆ ಮಾತ್ರ ಗೊತ್ತಿರಲಿಲ್ಲ,” ಎಂದಳು ಮಾಂಯ್. “ನಾನು ಎಲ್ಲರ ಎದುರು ಊಟಕ್ಕೆ ಕೂತಲ್ಲಿ ಅವಳಿಗೆ ಎಂತ ಹೇಳಿದೆ! ಅವಳು ನೀರು ತರ್ತೇನೆ ಅಂತ ಎದ್ದುಹೋದಳು. ನಾನು ಅಂದುಕೊಂಡೆ, ಹೊಸ ಮದುಮಗಳ ಹಾಗೆ ನಾಚಿಕೊಂಡಳು ಅಂತ. ಅದನ್ನು ನೋಡಿ ನಾನು ನಕ್ಕೆ, ಒಲಿಂಡಾ. ನಕ್ಕೆ ನಾನು.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಸ್ ನಿಲ್ದಾಣದ ಗೋಡೆಯ ಮುಂದೆ ಮುಚ್ಚಿಕೊಳ್ಳುತ್ತಿದ್ದ ಹಾಗೆ ಅಲ್ಲ. ಅವಳನ್ನು ಸಮಾಧಾನ ಮಾಡುವುದು ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಮಕ್ಕಳು ತಾಯಂದಿರನ್ನು ಸಮಾಧಾನ ಮಾಡಿದ್ದನ್ನು ನಾನು ನೋಡಿಲ್ಲ. ಸುಮ್ಮನೆ ಅವಳ ಕಾಲಿಗೆ ಕಾಲು ತಾಗಿಸಿ ಕುಳಿತೆ.

ಮಣಿಪಾಲದ ಏರಿನಲ್ಲಿ ಇಂಜಿನ್ ಸ್ವಲ್ಪ ಮುಕ್ಕಿರಿಯಿತು. ಅಣ್ಣ ಒಂದನೇ ಗೇರಿಗೆ ಹಾಕಿ ನಿಧಾನವಾಗಿ ಹತ್ತಿಸಿದ. ಆಸ್ಪತ್ರೆಯ ಗೇಟಿನಿಂದ ದೂರ, ಯಾರಿಗೂ ಕಾಣದ ಕಡೆ ನಿಲ್ಲಿಸಬೇಕೆಂದು ಅವನು ನೋಡುತ್ತಿದ್ದ. ಕಾವಲುಗಾರ ತ್ರಿಕೋನವನ್ನು ಕಂಡು ಸರಕಾರದ ಗಾಡಿ ಎಂದು ಸಲಾಮು ಹೊಡೆದು, ಒಳಗೆ ಬನ್ನಿ, ಒಳಗೆ ಬನ್ನಿ ಎಂದು ಕೈಬೀಸಿ ಸೀದಾ ಹೆಂಗಸರ ವಿಭಾಗದ ಮೆಟ್ಟಿಲವರೆಗೆ ತಂದು ನಿಲ್ಲಿಸಿದ. ಕಾಯುತ್ತಾ ಕುಳಿತಿದ್ದವರೆಲ್ಲ ತಿರುಗಿ ನೋಡಿದರು.

ವೊನ್ನಿ ಜೋನ್‌ಳನ್ನು ನನ್ನ ಕೈಗೆ ದಾಟಿಸಿ ಇಳಿದಳು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು. ಹಿಂದೆ ತಿರುಗಲಿಲ್ಲ. ಅಣ್ಣ ಸ್ಟೀರಿಂಗ್ ಹಿಡಿದುಕೊಂಡೇ ಇದ್ದ. ಅವನ ಕತ್ತು, ಕಿವಿ ಎಲ್ಲಾ ಕೆಂಪಾಗಿದ್ದವು. ಅವನು ಇಳಿಯುವುದಿಲ್ಲ ಎಂದು ನಾನು ಅಂದುಕೊಂಡೆ. ಡಾಕ್ಟರಮ್ಮ ಇಲ್ಲವಂತೆ ಎಂದೋ, ಇಂಜಿನ್ ಆರಿಸಿದರೆ ಮತ್ತೆ ಹೊರಡುವುದಿಲ್ಲ ಎಂದೋ ಏನಾದರೂ ಹೇಳುತ್ತಾನೆ ಎಂದು ಕಾಯುತ್ತಿದ್ದೆ.

“ಕೈ ತೊಳ್ಕೊಂಡು ಹೋಗು,” ಎಂದಳು ಮಾಂಯ್ ಹಿಂದಿನಿಂದ. ಸ್ವರ ಒಡೆದಿತ್ತು. “ಡಾಕ್ಟರ ಹತ್ತಿರ ಹೋಗುವಾಗ ಹೀಗೆ ಎಣ್ಣೆ ಕೈಯಲ್ಲಾ ಹೋಗುವುದು?”

ಅಣ್ಣ ಒಳಗೆ ಬಂದು ತಗಡಿನ ಬೋಗುಣಿಯಲ್ಲಿ ಕೈ ತೊಳೆದ. ಮಾಂಯ್ ನೀರು ಹೊಯ್ದಳು. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ. ಕೈ ಒರೆಸಿಕೊಂಡು ಅವನು ಇಳಿದ. ಮೆಟ್ಟಿಲ ಮೇಲೆ ಕುಳಿತವರ ನಡುವೆ, ತಲೆ ತಗ್ಗಿಸಿ, ಯಾರನ್ನೋ ಕಳೆದುಕೊಂಡವನ ಹಾಗೆ ಹತ್ತಿಹೋಗಿ ವೊನ್ನಿಯ ಪಕ್ಕದಲ್ಲಿ ನಿಂತ. ಇಬ್ಬರೂ ಒಳಗೆ ಹೋದರು.

ಮಾಂಯ್ ಸ್ವಲ್ಪ ಹೊತ್ತು ಕುಳಿತಳು. ಎದ್ದಳು. ಮತ್ತೆ ಕುಳಿತಳು.

“ಅವನು ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ನನಗೆ ಗೊತ್ತುಂಟು, ನಾನು ಹೆತ್ತ ಮಗ. ಹೂಂ ಹೂಂ ಅಂತ ಹೇಳಿ ಎದ್ದು ಬರ್ತಾನೆ,” ಎಂದಳು. “ಮನೆಗೆ ಬಂದ ಮೇಲೆ ನಾನು ಪುನಃ ಎಂತಾದರೂ ಹೇಳ್ತೇನೆ ಅಂತ ಅವಳಿಗೆ ಹೆದರಿಕೆ ಇರ್ತದೆ. ನಾನೂ ಕೇಳಬೇಕು ಆ ಡಾಕ್ಟರು ಹೇಳುವುದನ್ನು.”

ಅವಳು ಸೀರೆ ಸರಿಮಾಡಿಕೊಂಡು ಕೆಳಗಿಳಿದಳು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡಳು. ಬಾಗಿಲಿನಲ್ಲಿದ್ದ ಆಯಾಳ ಹತ್ತಿರ ಏನೋ ಕೇಳಿ, ಅವಳು ತೋರಿಸಿದ ಕಡೆಗೆ ಹೋದಳು.

ನಾನು ಮತ್ತು ಜೋನ್ ಉಳಿದೆವು. ಅವಳು ಎದ್ದು, ಸಮುದ್ರ ಎಲ್ಲಿ ಹೋಯಿತು ಎಂದು ಕೇಳಿದಳು. ಹೊರಗೆ ಜನ ನೋಡುತ್ತಲೇ ಇದ್ದರು. ಪರದೆ ಎಳೆಯೋಣವೆಂದು ಕೈ ಚಾಚಿದಾಗ ಒಬ್ಬಳು ನನ್ನ ವಯಸ್ಸಿನವಳೇ, ಸೊಂಟದಲ್ಲಿ ಒಂದು ಕೂಸು, ಇನ್ನೊಂದು ತುಂಬಿದ ಹೊಟ್ಟೆಯಲ್ಲಿ, ಕಿಟಕಿಯ ಹತ್ತಿರ ಬಂದಳು. ಅವಳ ಹಿಂದೆ ದೂರದಲ್ಲಿ ಅವಳ ಗಂಡನಿರಬೇಕು, ಮರದ ಕಡೆ ಮುಖಮಾಡಿ ನಿಂತಿದ್ದ.

“ಅಕ್ಕ, ಇದರ ವಿಷಯ ಕೇಳಬೇಕಾದರೆ ಯಾರ ಹತ್ತಿರ ಕೇಳುವುದು?” ಎಂದು ಪಿಸುಗುಟ್ಟಿದಳು.

ನನ್ನ ಮುಖವೆಲ್ಲ ಬಿಸಿಯಾಯಿತು. ನಮ್ಮವರು ಮೂವರೂ ಹೋದ ಬಾಗಿಲನ್ನು ಕೈಯೆತ್ತಿ ತೋರಿಸಿದೆ.